ಚಿನ್ನದ ಕರು: ಒಂದು ಬೈಬಲ್ ಪ್ರಕರಣವನ್ನು ಓದುವ ಬಗೆ

ಬೈಬಲಿನಲ್ಲಿ ವಿಗ್ರಹಾರಾಧನೆಯನ್ನು ಖಂಡಿಸುವ ಮಾತು ಬಂದಾಗ ನಮ್ಮಲ್ಲಿ ಬಹುಮಂದಿಗೆ ಸ್ವಲ್ಪ ಮುಜುಗರವಾಗುವುದುಂಟು. ಬೆಳಿಗ್ಗೆ ಎದ್ದು ದೇವರ ಕೋಣೆಯಲ್ಲಿ ದೀಪ ಹಚ್ಚಿ, ಮೂರ್ತಿಗೆ ಹೂವೇರಿಸಿ, ಅನಂತರ ನಡುಮನೆಗೆ ಬಂದು ರೇಡಿಯೋ ಹಾಕುವ ಸಂಸಾರಗಳು ನಮ್ಮವು. ಆ ಮಾತು ನಮ್ಮನ್ನೇ ಕುರಿತು ಆಡಿದಂತೆ ಕೇಳಿಸುತ್ತದೆ. ನೆರೆಮನೆಯ ಕ್ರೈಸ್ತ ಮಿತ್ರರಿಗೂ ಈ ಪ್ರಸಂಗ ಬಂದರೆ ಸಂಕೋಚವೇ. ಅವರು ದಾಕ್ಷಿಣ್ಯದಿಂದ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ಹೀಗೆ ಒಬ್ಬರು ಮುನಿಸಿನಿಂದಲೂ ಇನ್ನೊಬ್ಬರು ಸೌಜನ್ಯದಿಂದಲೂ ಪುಸ್ತಕವನ್ನು ಮುಚ್ಚಿಬಿಟ್ಟರೆ ಕೊನೆಗೆ ಉಳಿಯುವುದು ಓದದೆಯೇ ಕಟ್ಟಿಕೊಂಡ ಅಭಿಪ್ರಾಯ ಮಾತ್ರ.

ಆದ್ದರಿಂದ ಅಂಥ ಒಂದು ಪ್ರಕರಣವನ್ನೇ ಎತ್ತಿಕೊಂಡು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನಿಮ್ಮೊಡನೆ ಸಾವಕಾಶವಾಗಿ ನೋಡಬೇಕೆಂದು ಈ ಲೇಖನದ ಉದ್ದೇಶ. ಪ್ರಕರಣವಿರುವುದು 'ವಿಮೋಚನಕಾಂಡ'ದ ೩೨ನೆಯ ಅಧ್ಯಾಯದಲ್ಲಿ. ಇದು ಯೆಹೂದ್ಯರ ಧರ್ಮಗ್ರಂಥದ ಎರಡನೆಯ ಪುಸ್ತಕ. ಕ್ರೈಸ್ತರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿಯೂ ಎರಡನೆಯದೇ. ಚಿನ್ನದ ಕರುವಿನ ಕಥೆ ಎಂದರೆ ಕೆಲವರಿಗೆ ಕೂಡಲೆ ಹಣದ ವ್ಯಾಮೋಹ ನೆನಪಾಗುತ್ತದೆ. ಆ ಅರ್ಥ ಬಳಕೆಯಲ್ಲಿ ಬಂದಿರುವುದು ನಿಜ. ಆದರೆ ಮೂಲ ಕಥೆಯಲ್ಲಿ ಯಾರೂ ಹಣಕ್ಕೆ ಆಸೆಪಟ್ಟವರಲ್ಲ. ಮೈಮೇಲಿದ್ದ ಚಿನ್ನವನ್ನು ಬಿಚ್ಚಿಕೊಟ್ಟವರು. ಕಥೆಯ ತಿರುಳು ಬೇರೆಯಿದೆ.

ಹಿನ್ನೆಲೆ ಹೀಗೆ. ಐಗುಪ್ತದಲ್ಲಿ, ಎಂದರೆ ಈಜಿಪ್ಟಿನಲ್ಲಿ, ಇಸ್ರಾಯೇಲ್ಯರು ಬಿಟ್ಟಿ ದುಡಿಯುವ ಗುಲಾಮರಾಗಿದ್ದರು. ಮಣ್ಣು ಕಲಸಿ ಇಟ್ಟಿಗೆ ಮಾಡುವುದು ಅವರ ಪಾಲಿಗೆ ಬಂದ ಕೆಲಸ. ಅವರ ದೇವರು ಮೋಶೆಯ ಮುಖಾಂತರ ಅವರನ್ನು ಅಲ್ಲಿಂದ ಬಿಡಿಸಿದ. ಹೊರಟ ಮೂರನೆಯ ತಿಂಗಳಲ್ಲಿ ಅವರು ಸೀನಾಯಿ ಬೆಟ್ಟದ ಬುಡದಲ್ಲಿ ಪಾಳೆಯ ಹೂಡಿದರು. ಅಲ್ಲಿ ದೇವರಿಗೂ ಜನಕ್ಕೂ ನಡುವೆ ಒಂದು ಒಡಂಬಡಿಕೆಯಾಯಿತು. ತನ್ನ ಹೊರತು ಬೇರೆ ದೇವರುಗಳನ್ನು ಇಟ್ಟುಕೊಳ್ಳಬಾರದು, ಪೂಜೆಗಾಗಿ ಯಾವ ರೂಪವನ್ನೂ ಮಾಡಿಕೊಳ್ಳಬಾರದು ಎಂಬ ವಿಧಿಗಳೂ ಅದರಲ್ಲಿ ಸೇರಿದ್ದವು. ಜನರೆಲ್ಲ ಒಕ್ಕೊರಲಿನಿಂದ ಒಪ್ಪಿದರು. ಆಮೇಲೆ ಮೋಶೆ ತನ್ನ ಅಣ್ಣ ಆರೋನನಿಗೂ ಹೂರನೆಂಬ ಹಿರಿಯನಿಗೂ ಜನರನ್ನು ಒಪ್ಪಿಸಿ ಬೆಟ್ಟವನ್ನೇರಿದ. ಮೋಡ ಬೆಟ್ಟವನ್ನು ಮುಚ್ಚಿತು. ನಲವತ್ತು ಹಗಲು, ನಲವತ್ತು ರಾತ್ರಿ ಅವನು ಇಳಿದು ಬರಲಿಲ್ಲ.

ಕೆಳಗೆ ಜನ ಕಾದರು. ಕಾದು ಕಾದು ಕಂಗೆಟ್ಟರು. ತಮ್ಮನ್ನು ಕರೆತಂದ ಆ ಮೋಶೆ ಏನಾದನೋ ತಿಳಿಯದು, ಮುಂದೆ ನಡೆಯುವುದಕ್ಕೆ ಒಂದು ದೇವರನ್ನು ಮಾಡಿಕೊಡು ಎಂದು ಆರೋನನನ್ನು ಮುತ್ತಿದರು. ಹೆಂಡಿರು ಮಕ್ಕಳ ಕಿವಿಯಲ್ಲಿರುವ ಚಿನ್ನದ ಓಲೆಗಳನ್ನು ತನ್ನಿರೆಂದ ಆರೋನ. ತಂದರು. ಅದನ್ನು ಕರಗಿಸಿ ಒಂದು ಕರುವಿನ ರೂಪ ಮಾಡಿದ. ಐಗುಪ್ತದಿಂದ ತಮ್ಮನ್ನು ಕರೆತಂದ ದೇವರು ಇದೇ ಎಂದು ಜನ ಸಾರಿದರು. ಆರೋನ ಅದರ ಮುಂದೆ ಒಂದು ಬಲಿಪೀಠ ಕಟ್ಟಿಸಿ, ನಾಳೆ ಯೆಹೋವನಿಗೆ ಉತ್ಸವ ಎಂದು ಡಂಗುರ ಸಾರಿಸಿದ. ಮಾರನೆಯ ದಿನ ಬೆಳಗಿನ ಜಾವದಲ್ಲೆದ್ದು ಬಲಿಗಳನ್ನರ್ಪಿಸಿದರು. ಉಂಡರು, ಕುಡಿದರು, ಕುಣಿದರು.

ಮೋಶೆ ಇಳಿದು ಬಂದದ್ದು ಅದೇ ಹೊತ್ತಿಗೆ. ಅವನ ಕೈಯಲ್ಲಿ ಎರಡು ಕಲ್ಲಿನ ಹಲಗೆಗಳು; ಅವುಗಳ ಎರಡು ಮಗ್ಗುಲಲ್ಲಿಯೂ ದೇವರೇ ಕೊರೆದ ಬರಹ. ಜೊತೆಗಿದ್ದ ತರುಣ ಯೆಹೋಶುವ ಪಾಳೆಯದ ಗದ್ದಲವನ್ನು ಕೇಳಿ ಯುದ್ಧವೆಂದುಕೊಂಡ. ಅದು ಗೆದ್ದವರ ಕೂಗೂ ಅಲ್ಲ, ಸೋತವರ ಕೂಗೂ ಅಲ್ಲ, ಹಾಡಿನ ಸದ್ದು ಎಂದು ಮೋಶೆಗೆ ತಿಳಿಯಿತು. ಕರುವೂ ಕುಣಿತವೂ ಕಣ್ಣಿಗೆ ಬಿದ್ದೊಡನೆ ಅವನು ಹಲಗೆಗಳನ್ನು ಬೆಟ್ಟದ ಬುಡದಲ್ಲಿ ಎತ್ತಿ ಹಾಕಿ ಒಡೆದ. ಕರುವನ್ನು ಬೆಂಕಿಯಲ್ಲಿ ಸುಟ್ಟು, ಪುಡಿಮಾಡಿ, ನೀರಿನಲ್ಲಿ ಕದಡಿ ಜನರಿಗೆ ಕುಡಿಸಿದ.

ಕಥೆ ಇಷ್ಟು ತಿಳಿದಮೇಲೆ ಮೊದಲ ಪ್ರಶ್ನೆ: ಆ ಕರು ಯಾರು? ಇಸ್ರಾಯೇಲ್ಯರು ತಮ್ಮ ದೇವರನ್ನು ಬಿಟ್ಟು ಬೇರೊಬ್ಬ ದೇವರಿಗೆ ಒಲಿದರೆಂದು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಆರೋನನ ಡಂಗುರವನ್ನು ಇನ್ನೊಮ್ಮೆ ಗಮನಿಸಿ. ಉತ್ಸವ ಯಾರಿಗೆ? ಯೆಹೋವನಿಗೇ. ಐಗುಪ್ತದಿಂದ ಕರೆತಂದವನೆಂದು ಅವರು ಹೊಗಳಿದ್ದೂ ಅವನನ್ನೇ. ಎಂದರೆ ಅವರು ದೇವರನ್ನು ಬದಲಾಯಿಸಿದೆವೆಂದು ತಿಳಿದಿರಲಿಲ್ಲ. ಇದ್ದ ದೇವರನ್ನೇ ಕಣ್ಣಿಗೆ ಕಾಣುವಂತೆ ಮಾಡಿಕೊಂಡೆವೆಂದು ತಿಳಿದಿದ್ದರು. ಕಥೆಯ ಸೂಕ್ಷ್ಮವಿರುವುದು ಇಲ್ಲಿ.

ಕರುವೇ ಏಕೆ ಎಂಬುದಕ್ಕೂ ಉತ್ತರವಿದೆ. ಹೀಬ್ರೂ ಭಾಷೆಯಲ್ಲಿರುವ 'ಏಗೆಲ್' ಎಂಬ ಶಬ್ದಕ್ಕೆ ಹೋರಿಗರು, ಎಳೆಯ ಹೋರಿ ಎಂದರ್ಥ. ಆ ಸೀಮೆಯ ಜನಕ್ಕೆ ಹೋರಿ ಬಲದ, ಫಲವಂತಿಕೆಯ ಗುರುತು. ಐಗುಪ್ತದಲ್ಲಿ ಆಪಿಸ್ ಎಂಬ ಹೋರಿಗೆ ಪೂಜೆ ಸಲ್ಲುತ್ತಿತ್ತು. ಸಿರಿಯದ ಕಡಲ ತೀರದ ಉಗಾರಿತ್ ಎಂಬ ಹಳೆಯ ಪಟ್ಟಣದಲ್ಲಿ ೧೯೨೯ರಿಂದ ನಡೆದ ಉತ್ಖನನಗಳಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳು ಕಾನಾನ್ ನಾಡಿನ ಹಿರಿಯ ದೇವನಾದ ಏಲನನ್ನು ಹೋರಿ ಎಂದೇ ಕರೆಯುತ್ತವೆ. ೧೯೭೮ರಲ್ಲಿ ಸಮಾರ್ಯದ ಉತ್ತರ ಭಾಗದ ಒಂದು ಗುಡ್ಡದ ಮೇಲೆ ಕ್ರಿಸ್ತಪೂರ್ವ ಸುಮಾರು ೧೨೦೦ರ ಕಾಲದ ಕಂಚಿನ ಪುಟ್ಟ ಹೋರಿಯೊಂದು ಸಿಕ್ಕಿತು. ೧೯೯೦ರಲ್ಲಿ ಅಷ್ಕೆಲೋನ್ ಎಂಬ ಕಡಲ ಪಟ್ಟಣದಲ್ಲಿ, ಬೆಳ್ಳಿಯ ಹೊದಿಕೆಯಿದ್ದ ಕಂಚಿನ ಕರುವೊಂದು ತನ್ನದೇ ಆದ ಮಣ್ಣಿನ ಗುಡಿಯೊಡನೆ ಸಿಕ್ಕಿತು. ಅದು ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕದು. ಇವಾವುವೂ ಆರೋನನ ಕರುವಲ್ಲ. ಆದರೆ ಅಂಥ ಕರುಗಳು ಆ ನಾಡಿನ ಜನಕ್ಕೆ ಎಷ್ಟು ಪರಿಚಿತವಾಗಿದ್ದವೆಂಬುದಕ್ಕೆ ಇವು ಸಾಕ್ಷಿ.

ಆ ಪ್ರದೇಶದಲ್ಲಿ ಮಳೆ ಗುಡುಗುಗಳ ದೇವರನ್ನು ಹೋರಿಯ ಬೆನ್ನ ಮೇಲೆ ನಿಂತಂತೆ ಚಿತ್ರಿಸುವ ವಾಡಿಕೆಯೂ ಇತ್ತು. ಆದ್ದರಿಂದ ಈ ಕರು ದೇವರಲ್ಲ, ಕಾಣದ ದೇವರು ನಿಲ್ಲುವ ಪೀಠ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಶಿವನ ಗುಡಿಯ ಮುಂದೆ ನಂದಿಯನ್ನು ಕಂಡು ಬೆಳೆದ ನಿಮಗೆ ಈ ಮಾತು ಸುಲಭವಾಗಿ ಹೊಳೆಯುತ್ತದೆ. ವಾಹನ ಬೇರೆ, ದೇವರು ಬೇರೆ ಎಂಬುದು ನಮಗೆ ಹೊಸ ವಿಷಯವಲ್ಲ. ಆದರೆ ಕಥೆ ಈ ಸಮಾಧಾನವನ್ನು ಒಪ್ಪಿಕೊಳ್ಳುವುದಿಲ್ಲ. ಪೀಠವಾಗಲಿ ಪ್ರತಿಮೆಯಾಗಲಿ, ಅವರು ಮಾಡಿದ್ದು ತಪ್ಪೆಂದೇ ಹೇಳುತ್ತದೆ. ಏಕೆ?

ಚಿನ್ನ ಬಳಸಿದ್ದಕ್ಕೆ ಎನ್ನೋಣವೆ? ಹಾಗೆನ್ನುವಂತಿಲ್ಲ. ಈ ಅಧ್ಯಾಯದ ಹಿಂದಿನ ಏಳು ಅಧ್ಯಾಯಗಳನ್ನು, ಎಂದರೆ ೨೫ರಿಂದ ೩೧ರವರೆಗೆ, ತಿರುವಿ ನೋಡಿ. ಬೆಟ್ಟದ ಮೇಲೆ ದೇವರು ಮೋಶೆಗೆ ಹೇಳುತ್ತಿದ್ದುದೇನು? ತನ್ನ ಸಾನ್ನಿಧ್ಯಕ್ಕಾಗಿ ಜನರ ನಡುವೆ ಒಂದು ಗುಡಾರವನ್ನು ಹೇಗೆ ಕಟ್ಟಬೇಕು, ಯಾವ ಮರ, ಯಾವ ಬಟ್ಟೆ, ಎಷ್ಟು ಉದ್ದಗಲ ಎಂಬ ವಿವರ. ಅದರೊಳಗಿನ ಮಂಜೂಷಕ್ಕೆ ಚೊಕ್ಕ ಚಿನ್ನದ ತಗಡು. ಅದರ ಮುಚ್ಚಳದ ಮೇಲೆ ರೆಕ್ಕೆ ಚಾಚಿದ ಎರಡು ಚಿನ್ನದ ಕೆರೂಬಿಗಳು. ಮೇಲೆ ದೇವರು ಜನರ ಜೊತೆ ವಾಸಿಸಲು ಮನೆಯ ನಕ್ಷೆ ಕೊಡುತ್ತಿದ್ದಾನೆ. ಅದೇ ಹೊತ್ತಿನಲ್ಲಿ ಕೆಳಗೆ ಜನ, ದೇವರು ತಮ್ಮ ಜೊತೆ ಇಲ್ಲವೆಂದು ಹೆದರಿ, ಅವನನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆ. ಅವರಿಗೆ ಬೇಕಾದದ್ದು ಬರುವುದರಲ್ಲಿತ್ತು. ಅದು ಬರುವವರೆಗೆ ಅವರು ತಾಳಲಿಲ್ಲ.

ಇಲ್ಲಿ ನಿಷ್ಠೆ ಎಂಬ ಶಬ್ದವನ್ನು ಸ್ವಲ್ಪ ವಿಚಾರಿಸಬೇಕು. ನಮ್ಮ ನಿಷ್ಠೆಯಲ್ಲಿ 'ಸ್ಥಾ' ಧಾತುವಿದೆ. ಅಲುಗದೆ ನಿಲ್ಲುವುದು ಎಂದು ಅದರ ಅರ್ಥ. ಹೀಬ್ರೂವಿನಲ್ಲಿ ಇದಕ್ಕೆ ಸಮೀಪವಾದ ಶಬ್ದ 'ಎಮುನಾ'. ಇದೇ ಪುಸ್ತಕದ ೧೭ನೆಯ ಅಧ್ಯಾಯದಲ್ಲಿ ಅಮಾಲೇಕ್ಯರೊಡನೆ ಯುದ್ಧವಾಗುತ್ತದೆ. ಮೋಶೆ ಗುಡ್ಡದ ಮೇಲೆ ನಿಂತು ಕೈಯೆತ್ತಿದ್ದಷ್ಟು ಹೊತ್ತು ತನ್ನವರಿಗೆ ಜಯ. ಕೈ ಇಳಿದರೆ ಸೋಲು. ಕೈ ಸೋತಾಗ ಇಬ್ಬರು ಎರಡು ಕಡೆ ನಿಂತು ಅವನ್ನು ಎತ್ತಿ ಹಿಡಿದರು. ಹೊತ್ತು ಮುಳುಗುವವರೆಗೆ ಆ ಕೈಗಳು ಸ್ಥಿರವಾಗಿದ್ದವು ಎನ್ನುವಲ್ಲಿ ಬರುವ ಶಬ್ದವೇ 'ಎಮುನಾ'. ನಂಬಿಕೆ ಎಂದರೆ ತಲೆಯೊಳಗಿನ ಒಂದು ಅಭಿಪ್ರಾಯವಲ್ಲ, ದಣಿದ ತೋಳನ್ನು ಸಂಜೆಯವರೆಗೆ ಇಳಿಸದಿರುವುದು. ಅಂದು ಆ ಕೈಗಳನ್ನು ಹಿಡಿದ ಇಬ್ಬರು ಯಾರೆಂದು ಕೇಳಿದಿರಾ? ಆರೋನ ಮತ್ತು ಹೂರ. ಮೋಶೆ ಜನರನ್ನು ಒಪ್ಪಿಸಿ ಹೋದದ್ದು ಅವರಿಗೇ. ಒಂದು ದಿನ ಪೂರ್ತಿ ಇನ್ನೊಬ್ಬರ ಕೈಯನ್ನು ಎತ್ತಿ ಹಿಡಿದವನಿಗೆ ನಲವತ್ತು ದಿನ ತನ್ನ ಕೈಯನ್ನು ತಡೆದುಕೊಳ್ಳಲಾಗಲಿಲ್ಲ.

ಆರೋನ ಕೆಟ್ಟವನೆಂದು ಗ್ರಂಥ ಹೇಳುವುದಿಲ್ಲ. ಅವನು ಮುಂದೆ ಮಹಾಯಾಜಕನಾಗುವವನು. ಆದರೆ ಮೋಶೆ ಬಂದು ಕೇಳಿದಾಗ ಅವನು ಕೊಟ್ಟ ಉತ್ತರ ಓದಿದರೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ. ಜನರು ಎಂಥವರೆಂದು ನಿನಗೆ ಗೊತ್ತೇ ಇದೆ ಎಂದು ಮೊದಲು ತಪ್ಪನ್ನು ಅವರ ಮೇಲೆ ಹಾಕುತ್ತಾನೆ. ಆಮೇಲೆ, ಅವರು ಚಿನ್ನ ಕೊಟ್ಟರು, ನಾನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಎನ್ನುತ್ತಾನೆ. ತಾನು ಅಚ್ಚು ಕೊರೆದ ಮಾತೇ ಇಲ್ಲ! ಮನೆಯಲ್ಲಿ ಲೋಟ ಒಡೆದಾಗ ಮಕ್ಕಳು ಹೇಳುವ ಉತ್ತರವೂ ಇದೇ ಅಲ್ಲವೆ? ಯೆಹೂದ್ಯರ ಹಳೆಯ ನಿಯಮವೊಂದು ಇಲ್ಲಿ ನೆನೆಯತಕ್ಕದ್ದು. ಸಭಾಮಂದಿರದಲ್ಲಿ ಗ್ರಂಥವನ್ನು ಹೀಬ್ರೂವಿನಲ್ಲಿ ಓದಿ ಆಡುಮಾತಿಗೆ ಅನುವಾದಿಸುವ ಪದ್ಧತಿಯಿದ್ದ ಕಾಲದಲ್ಲಿ, ಕರುವಿನ ಕಥೆಯ ಮೊದಲ ಭಾಗವನ್ನು ಓದಿ ಅನುವಾದಿಸಬಹುದು, ಎರಡನೆಯ ಭಾಗವನ್ನು ಓದಬೇಕು, ಅನುವಾದಿಸಬಾರದು ಎಂದು 'ಮಿಷ್ನಾ' ವಿಧಿಸಿತು. ಆರೋನನ ಈ ನೆಪ ಬರುವುದು ಆ ಎರಡನೆಯ ಭಾಗದಲ್ಲಿ. ಹಿರಿಯನ ಮಾನವನ್ನು ಹೀಗೆ ಕಾಪಾಡಿದರು. ಗ್ರಂಥದಿಂದ ಮಾತ್ರ ಅದನ್ನು ತೆಗೆದು ಹಾಕಲಿಲ್ಲ.

ಈಗ ಮೇಲೆ, ಬೆಟ್ಟದಲ್ಲಿ, ನಡೆದದ್ದನ್ನು ನೋಡೋಣ. ಹಲಗೆಗಳು ಒಡೆಯುವುದಕ್ಕೆ ಮೊದಲೇ, ಕೆಳಗೆ ಏನಾಗುತ್ತಿದೆಯೆಂದು ದೇವರು ಮೋಶೆಗೆ ತಿಳಿಸುತ್ತಾನೆ. ಅಲ್ಲಿ ಒಂದು ಸರ್ವನಾಮದ ಆಟವಿದೆ, ತಪ್ಪದೆ ಗಮನಿಸಿ. ಐಗುಪ್ತದಿಂದ ನೀನು ಕರೆತಂದ ನಿನ್ನ ಜನ ಕೆಟ್ಟುಹೋದರು ಎಂಬ ಅರ್ಥದಲ್ಲಿ ದೇವರು ಮಾತಾಡುತ್ತಾನೆ. ಮಕ್ಕಳು ತಪ್ಪು ಮಾಡಿದಾಗ ತಂದೆ ತಾಯಿಗೆ "ನಿನ್ನ ಮಗ" ಎಂದಂತೆ. ಇವರನ್ನು ಅಳಿಸಿ ನಿನ್ನಿಂದಲೇ ಒಂದು ದೊಡ್ಡ ಜನಾಂಗವನ್ನು ಮಾಡುತ್ತೇನೆ ಎಂದೂ ಹೇಳುತ್ತಾನೆ. ಮೋಶೆಗೆ ಇದು ಸಣ್ಣ ಆಸೆಯಲ್ಲ. ಆದರೆ ಅವನ ಉತ್ತರದಲ್ಲಿ ಸರ್ವನಾಮ ತಿರುಗಿ ಬೀಳುತ್ತದೆ: ಇವರು ನಿನ್ನ ಜನ, ಕರೆತಂದವನು ನೀನು. ಬೆಟ್ಟಗಳಲ್ಲಿ ಕೊಲ್ಲುವುದಕ್ಕಾಗಿಯೇ ಕರೆದೊಯ್ದನೆಂದು ಐಗುಪ್ತದವರು ಆಡಿಕೊಳ್ಳಬಾರದಲ್ಲ? ಅಬ್ರಹಾಮ, ಇಸಾಕ, ಯಾಕೋಬರಿಗೆ ಕೊಟ್ಟ ಮಾತು ಏನಾಯಿತು? ಹೀಗೆ ಅವನು ದೇವರಿಗೇ ದೇವರ ಮಾತನ್ನು ನೆನಪುಮಾಡಿಕೊಡುತ್ತಾನೆ. ದೇವರ ಮನಸ್ಸು ಕರಗುತ್ತದೆ.

ಮರುದಿನ ಅವನು ಮತ್ತೆ ಬೆಟ್ಟವನ್ನೇರುತ್ತಾನೆ. ಈ ಜನರ ತಪ್ಪನ್ನು ಕ್ಷಮಿಸು. ಆಗದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸಿಬಿಡು ಎಂಬುದು ಅವನ ಬೇಡಿಕೆ. ನಿಷ್ಠೆಯನ್ನು ಕುರಿತ ಕಥೆಯಲ್ಲಿ ನಿಷ್ಠೆಯ ಮಾದರಿ ಯಾವುದು ಎಂದು ನೀವು ಕೇಳಿದರೆ ನಾನು ಈ ಎಡೆಯನ್ನು ತೋರಿಸುತ್ತೇನೆ. ಒಡೆದ ಹಲಗೆಗಳನ್ನಲ್ಲ, ಪುಡಿಯಾದ ಕರುವನ್ನಲ್ಲ. ತಪ್ಪು ಮಾಡಿದವರನ್ನು ಗದರಿಸಿದವನೇ ಅವರನ್ನು ಬಿಟ್ಟುಕೊಡಲೊಲ್ಲದೆ ನಿಂತನಲ್ಲ, ಅದು. ಯೆಹೂದ್ಯರ ಉಪವಾಸದ ದಿನಗಳಲ್ಲಿ ಈ ಕಥೆಯಿಂದ ಓದುವ ಭಾಗವೂ ಮೋಶೆಯ ಮೊದಲ ಮೊರೆಯೇ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಈ ಎರಡು ಮೊರೆಗಳ ನಡುವೆ ರಕ್ತಪಾತವಿದೆ. ಯೆಹೋವನ ಪಕ್ಷದವರು ಬನ್ನಿ ಎಂದು ಮೋಶೆ ಕರೆದಾಗ ಲೇವಿಯರು ಬಂದರು. ಅವನ ಮಾತಿನಂತೆ ಕತ್ತಿ ಹಿಡಿದು ಅಂದು ಸುಮಾರು ಮೂರು ಸಾವಿರ ಮಂದಿಯನ್ನು ಕೊಂದರು. ಓದುವವರ ಮನಸ್ಸು ಇಲ್ಲಿ ಹಿಂಜರಿಯುತ್ತದೆ, ಹಿಂಜರಿಯುವುದೇ ಸರಿ. ಇದು ದೇವರ ಅಪ್ಪಣೆ ಎಂದು ಮೋಶೆ ಹೇಳಿದ್ದಾನೆ, ಆದರೆ ದೇವರು ಹಾಗೆ ಅಪ್ಪಣೆ ಕೊಟ್ಟದ್ದು ಅಧ್ಯಾಯದಲ್ಲಿ ಎಲ್ಲಿಯೂ ಬಂದಿಲ್ಲ. ಇದನ್ನು ಗಮನಿಸಿದ ಯೆಹೂದ್ಯರ ಹಳೆಯ ವ್ಯಾಖ್ಯಾನವೊಂದು ದೇವರು ಹಾಗೆ ಹೇಳಿಯೇ ಇರಲಿಲ್ಲ ಎಂದು ಆಣೆಯಿಟ್ಟು ಹೇಳುತ್ತದೆ. ಎಲ್ಲ ವ್ಯಾಖ್ಯಾನಕಾರರೂ ಇದನ್ನು ಒಪ್ಪಿಲ್ಲ. ಅದು ಹೇಗೇ ಇರಲಿ, ಒಂದು ಮಾತು ಸ್ಪಷ್ಟ: ಆ ದಂಡನೆ ನಡೆದದ್ದು ಒಡಂಬಡಿಕೆಗೆ ಒಪ್ಪಿದ ಒಂದೇ ಪಾಳೆಯದೊಳಗೆ. ಪರಧರ್ಮದವರ ಮೇಲೆ ಕೈಯೆತ್ತುವುದಕ್ಕೆ ಇದನ್ನು ಆಧಾರವಾಗಿ ತೋರಿಸುವವರು ಕಥೆಯನ್ನು ಓದಿದವರಲ್ಲ.

ಇದರಿಂದ ನಾವು ಮೊದಲು ಹೇಳಿದ ಮುಜುಗರಕ್ಕೆ ಬರುತ್ತೇವೆ. ಕನ್ನಡದಲ್ಲಿ ವಿಗ್ರಹ ಎಂಬುದು ಗೌರವದ ಶಬ್ದ. ಆಕಾರ, ಶರೀರ ಎಂದು ಅದರ ಅರ್ಥ. ಮೂರ್ತಿಯಲ್ಲಿ ದೇವರನ್ನು ಆವಾಹನೆ ಮಾಡುತ್ತೇವೆ, ಪೂಜೆ ಮುಗಿದಮೇಲೆ ವಿಸರ್ಜನೆ ಮಾಡುತ್ತೇವೆ. ಚೌತಿಯ ಗಣಪತಿಯನ್ನು ನೀರಿಗೆ ಬಿಡುವಾಗ ದೇವರನ್ನೇ ಮುಳುಗಿಸಿದೆವೆಂದು ಯಾವ ಮಗುವೂ ತಿಳಿಯುವುದಿಲ್ಲ. ಹೀಬ್ರೂ ಗ್ರಂಥದಲ್ಲಿ ಆ ಸ್ಥಾನದಲ್ಲಿರುವ ಶಬ್ದಗಳಿಗೆ 'ಕೆತ್ತಿದ್ದು', 'ಎರಕ ಹೊಯ್ದದ್ದು' ಎಂದಷ್ಟೇ ಅರ್ಥ. ಆ ಶಬ್ದಗಳಿಗೆ ಗೌರವದ ವಾಸನೆಯಿಲ್ಲ. ಅವನ್ನು ಕನ್ನಡಕ್ಕೆ ತಂದು ವಿಗ್ರಹ ಎಂದಾಗ, ಬೇರೆ ಬೇರೆ ಹವೆಯಲ್ಲಿ ಬೆಳೆದ ಎರಡು ಮಾತುಗಳು ಒಂದೇ ಹೆಸರಿನಿಂದ ಕರೆಸಿಕೊಂಡವು. ನಮಗಾಗುವ ನೋವಿನಲ್ಲಿ ಒಂದು ಪಾಲು ಇದರಿಂದ ಬಂದದ್ದು.

ಒಂದು ಪಾಲು ಮಾತ್ರ. ವ್ಯತ್ಯಾಸವೇ ಇಲ್ಲವೆಂದು ಸವರಿಬಿಡುವುದು ಪ್ರಾಮಾಣಿಕವಲ್ಲ. ಬೈಬಲು ದೇವರಿಗೆ ರೂಪ ಕೊಡುವುದನ್ನು ಒಪ್ಪುವುದಿಲ್ಲ. ಯೆಶಾಯನ ಪುಸ್ತಕದ ೪೪ನೆಯ ಅಧ್ಯಾಯದಂಥ ಕಡೆ ಅದನ್ನು ಕಟುವಾಗಿ ಹಾಸ್ಯಮಾಡುತ್ತದೆ. ಬೆಂಕಿಯೊಳಗಿಂದ ಧ್ವನಿ ಕೇಳಿಸಿತೇ ಹೊರತು ಯಾವ ಆಕಾರವೂ ಕಾಣಲಿಲ್ಲವೆಂದು 'ಧರ್ಮೋಪದೇಶಕಾಂಡ'ವು ಅದಕ್ಕೆ ಕಾರಣ ಕೊಡುತ್ತದೆ. ಆ ವಿಧಿಯನ್ನು ಎಷ್ಟು ದೂರ ಒಯ್ಯಬೇಕೆಂಬುದರಲ್ಲಿ ಬೈಬಲನ್ನು ನಂಬಿದವರಲ್ಲಿಯೇ ಒಮ್ಮತವಿಲ್ಲ. ಹತ್ತು ಆಜ್ಞೆಗಳನ್ನು ಎಣಿಸುವಾಗ ರೂಪದ ನಿಷೇಧವನ್ನು ರೋಮನ್ ಕ್ಯಾಥೊಲಿಕರೂ ಲೂಥರನ್ ಪಂಥದವರೂ ಮೊದಲನೆಯದರೊಳಗೆ ಸೇರಿಸುತ್ತಾರೆ. ಇತರ ಪ್ರಾಟೆಸ್ಟಂಟರಲ್ಲಿ ಬಹುಪಾಲು ಅದನ್ನೇ ಎರಡನೆಯದಾಗಿ ಎಣಿಸುತ್ತಾರೆ. ಪವಿತ್ರ ಚಿತ್ರಗಳನ್ನು ಗೌರವಿಸಬಹುದು, ಆರಾಧನೆ ಮಾತ್ರ ದೇವರಿಗೇ ಸಲ್ಲತಕ್ಕದ್ದು ಎಂದು ೭೮೭ರಲ್ಲಿ ನಿಕಾಯಿಯದ ಧರ್ಮಸಭೆ ತೀರ್ಮಾನಿಸಿತು. ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಅನೇಕ ಪ್ರಾಟೆಸ್ಟಂಟ್ ಊರುಗಳು ಚರ್ಚುಗಳಿಂದ ಅವನ್ನು ಹೊರಹಾಕಿದವು. ಮಂಗಳೂರಿಗೆ ಹೋದರೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಚಾವಣಿಗಳ ತುಂಬ ಇಟಲಿಯ ಮೋಸ್ಕೇನಿ ಬರೆದ ಚಿತ್ರಗಳನ್ನು ಕಾಣುತ್ತೀರಿ. ಅದೇ ಊರಿನಲ್ಲಿ ನೆಲೆಸಿದ ಬಾಸೆಲ್ ಮಿಷನ್ನಿನ ಪರಂಪರೆ ಸರಳತೆಯ ಕಡೆಗೆ ಒಲಿದದ್ದು. ಇಬ್ಬರೂ ಓದುವುದು ಇದೇ ಅಧ್ಯಾಯವನ್ನು.

ಹಾಗಾದರೆ ಕಾಣಬೇಕೆಂಬ ಆಸೆಯೇ ತಪ್ಪೆ? ಮುಂದಿನ ಅಧ್ಯಾಯವನ್ನು ಓದಿದರೆ ಹಾಗೆನ್ನಲಾಗುವುದಿಲ್ಲ. ೩೩ನೆಯ ಅಧ್ಯಾಯದ ಕೊನೆಯಲ್ಲಿ ಸ್ವತಃ ಮೋಶೆ ದೇವರ ಮಹಿಮೆಯನ್ನು ಕಾಣಬೇಕೆಂದು ಬೇಡುತ್ತಾನೆ. ಕೆಳಗಿನ ಜನರ ಹಂಬಲ ಅವನಿಗೂ ಇತ್ತು! ದೇವರು ಅವನನ್ನು ಗದರಿಸುವುದಿಲ್ಲ. ಮುಖವನ್ನು ಕಂಡು ಮನುಷ್ಯ ಬದುಕಲಾರನೆಂದು ಹೇಳಿ, ಬಂಡೆಯ ಬಿರುಕಿನಲ್ಲಿ ಅವನನ್ನು ನಿಲ್ಲಿಸಿ, ಕೈಯಿಂದ ಮರೆಮಾಡಿ, ತಾನು ದಾಟಿಹೋದ ಮೇಲೆ ಹಿಂಭಾಗವನ್ನು ಮಾತ್ರ ಕಾಣಗೊಡುತ್ತಾನೆ. ಮೋಶೆ ಕೇಳಿದ, ಕೊಟ್ಟಷ್ಟನ್ನು ಒಪ್ಪಿಕೊಂಡ. ಜನರು ಕಾಯದೆ, ತಮ್ಮ ಅಳತೆಗೆ ತಕ್ಕಂತೆ ಮಾಡಿಕೊಂಡರು. ಇಬ್ಬರಿಗೂ ಇರುವ ಅಂತರ ಇಷ್ಟು. ದರ್ಶನಕ್ಕಾಗಿ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಅರೆಗಳಿಗೆಯ ಆರತಿಯ ಬೆಳಕಿಗೆ ತೃಪ್ತರಾಗುವ ನಮಗೆ ಈ ಅಂತರ ಅರ್ಥವಾಗದ್ದಲ್ಲ.

ಮಾಡಿಕೊಂಡ ದೇವರಿಗೆ ಒಂದು ಅನುಕೂಲವಿದೆ: ಅವನು ನಾವು ಹೋದ ಕಡೆಗೆ ಬರುತ್ತಾನೆ. ಅರಸರಿಗಂತೂ ಇದು ಬಹಳ ಉಪಯುಕ್ತ. ಕ್ರಿಸ್ತಪೂರ್ವ ಸುಮಾರು ೯೩೦ರಲ್ಲಿ ಇಸ್ರಾಯೇಲ್ ರಾಜ್ಯ ಎರಡಾಗಿ ಒಡೆದಾಗ, ಉತ್ತರದ ಅರಸ ಯಾರೊಬ್ಬಾಮನಿಗೆ ಒಂದು ಚಿಂತೆ ಹತ್ತಿತು. ತನ್ನ ಪ್ರಜೆಗಳು ಪೂಜೆಗಾಗಿ ದಕ್ಷಿಣದ ಯೆರೂಸಲೇಮಿಗೆ ಹೋಗುತ್ತಿದ್ದರೆ ಅವರ ಮನಸ್ಸೂ ಅಲ್ಲಿಗೇ ಹೋದೀತು! ಆದ್ದರಿಂದ ಬೇತೇಲಿನಲ್ಲೊಂದು, ದಾನಿನಲ್ಲೊಂದು ಚಿನ್ನದ ಕರುವನ್ನು ನಿಲ್ಲಿಸಿ, ಐಗುಪ್ತದಿಂದ ಕರೆತಂದ ದೇವರು ಇಲ್ಲಿಯೇ ಇದ್ದಾನೆಂದು ಸಾರಿದ. ಆ ಸಾರಿಕೆಯ ಮಾತುಗಳು ಸೀನಾಯಿಯಲ್ಲಿ ಜನ ಆಡಿದ ಮಾತುಗಳಿಗೆ ಬಹುಮಟ್ಟಿಗೆ ಒಂದೇ. ಆರೋನನ ಮಕ್ಕಳು ನಾದಾಬ್, ಅಬೀಹೂ. ಯಾರೊಬ್ಬಾಮನ ಮಕ್ಕಳು ನಾದಾಬ್, ಅಬೀಯ. ಈ ಹೋಲಿಕೆಗಳನ್ನು ಕಂಡು, ಸೀನಾಯಿಯ ಕಥೆಯನ್ನು ಈಗಿರುವ ರೂಪದಲ್ಲಿ ಬರೆದವರ ಕಣ್ಣು ಯಾರೊಬ್ಬಾಮನ ಮೇಲೂ ಇತ್ತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಹಾಗಿದ್ದರೆ ಕಥೆಯ ಚಾಟಿ ಬೀಸಿದ್ದು ಹೊರಗಿನವರ ಕಡೆಗಲ್ಲ, ತಮ್ಮ ಅರಸನ ಕಡೆಗೇ. ಪರಕೀಯರ ದೇವರುಗಳನ್ನು ಹಳಿಯುವುದು ಸುಲಭ. ತಮ್ಮ ದೇವರ ಹೆಸರಿನಲ್ಲಿಯೇ ತಮಗೆ ಬೇಕಾದದ್ದನ್ನು ನಿಲ್ಲಿಸಿಕೊಂಡೆವೆಂದು ಒಪ್ಪಿಕೊಳ್ಳುವುದು ಕಷ್ಟ. ಇದಕ್ಕೆ ಚಿನ್ನವೂ ಬೇಡ, ಎರಕವೂ ಬೇಡ. ಮೂರ್ತಿಯನ್ನು ಇಟ್ಟುಕೊಳ್ಳದವರೂ ಒಂದು ಪುಸ್ತಕವನ್ನು, ಒಬ್ಬ ಮುಂದಾಳನ್ನು, ಒಂದು ಪಂಗಡವನ್ನು ಹಾಗೆ ನಿಲ್ಲಿಸಿಕೊಳ್ಳಬಲ್ಲರು. ಪವಿತ್ರವಸ್ತುವಿಗೂ ಇದು ತಪ್ಪಿದ್ದಲ್ಲ. ಮರುಭೂಮಿಯಲ್ಲಿ ಮೋಶೆಯೇ ದೇವರ ಮಾತಿನಂತೆ ಮಾಡಿದ ಕಂಚಿನ ಸರ್ಪವೊಂದಿತ್ತು. ಹಾವು ಕಚ್ಚಿದವರು ಅದನ್ನು ನೋಡಿ ಉಳಿದರೆಂದು ಕಥೆ. ಎಷ್ಟೋ ಶತಮಾನಗಳ ಮೇಲೆ ಜನ ಅದಕ್ಕೆ ಧೂಪ ಹಾಕುತ್ತಿದ್ದುದನ್ನು ಕಂಡು ಅರಸ ಹಿಜ್ಕೀಯ ಅದನ್ನು ಒಡೆಸಿದ.

ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ೩೪ನೆಯ ಅಧ್ಯಾಯದಲ್ಲಿ ಮೋಶೆ ಹೊಸದಾಗಿ ಎರಡು ಹಲಗೆಗಳನ್ನು ಕಡಿದುಕೊಂಡು ಮತ್ತೆ ಬೆಟ್ಟಕ್ಕೆ ಹೋಗುತ್ತಾನೆ. ಮೊದಲಿನವು ದೇವರೇ ಮಾಡಿದ್ದವು. ಇವು ಮನುಷ್ಯನ ಕೈಯಿಂದ ಕಡಿದವು. ದೇವರು ತನ್ನ ಹೆಸರನ್ನು ಸಾರುವಾಗ ಕರುಣೆ, ದಯೆ, ತಾಳ್ಮೆ ಎಂಬ ಗುಣಗಳನ್ನೇ ಮುಂದಿಟ್ಟು ಹೇಳಿಕೊಳ್ಳುತ್ತಾನೆ. ಒಡಂಬಡಿಕೆ ಮರಳಿ ಕೂಡಿಕೊಳ್ಳುತ್ತದೆ. ಆಮೇಲೆ ಗುಡಾರದ ಕೆಲಸಕ್ಕೆ ಕಾಣಿಕೆ ಕೇಳಿದಾಗ, ಕರುವಿಗಾಗಿ ಓಲೆ ಬಿಚ್ಚಿದ ಅದೇ ಜನ ಬಳೆ, ಓಲೆ, ಉಂಗುರಗಳನ್ನು ತಂದು ಸುರಿಯುತ್ತಾರೆ; ಸಾಕು, ಇನ್ನು ತರಬೇಡಿ ಎಂದು ಮೋಶೆ ಡಂಗುರ ಹೊಡೆಸಬೇಕಾಗುತ್ತದೆ. ಒಡೆದ ಮೊದಲ ಹಲಗೆಗಳ ಚೂರುಗಳನ್ನೂ ಇಡಿಯಾದ ಹಲಗೆಗಳ ಜೊತೆಗೆ ಮಂಜೂಷದಲ್ಲಿಯೇ ಇಟ್ಟಿದ್ದರೆಂದು ಯೆಹೂದ್ಯರ 'ತಾಲ್ಮುದ್' ಹೇಳುತ್ತದೆ.

ಈ ಮೂರು ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಓದಬೇಡಿ. ಒಂದೇ ಸಂಜೆ, ಒಂದೇ ಪಟ್ಟಿನಲ್ಲಿ ಓದಿ. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ನೆರೆಮನೆಯ ಮಿತ್ರರನ್ನೂ ಕರೆದು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಓದುವಾಗ ಒಂದನ್ನು ಗಮನಿಸಿ: ಎರಡನೆಯ ಸಲವೂ ಮೋಶೆ ಬೆಟ್ಟದ ಮೇಲಿದ್ದದ್ದು ನಲವತ್ತು ಹಗಲು, ನಲವತ್ತು ರಾತ್ರಿಯೇ. ಆ ಅವಧಿಯಲ್ಲಿ ಕೆಳಗೆ ಜನ ಏನು ಮಾಡಿದರೆಂದು ಗ್ರಂಥ ಒಂದು ಮಾತೂ ಹೇಳುವುದಿಲ್ಲ. ಈ ಸಲ ಅವರು ಕಾದಿರಬೇಕು.